ಹಳದಿ ಗುರುತಿಗೆ ಮಡಿಲಕ್ಕಿ

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ನದಿ, ನದಿಯ ಬಯಲು, ಪ್ರವಾಹ, ಮಣ್ಣಿನ ಸವಕಳಿ ಇವೆಲ್ಲ ಪ್ರತಿ ವರ್ಷ ನನ್ನ ಬಾಯಲ್ಲಿ ಒಂದು ಸುತ್ತು ಬಂದು ಹೋಗುವ ಮಾತುಗಳು. ಅಂಥವಳು ಕುಶಾಲನಗರದಲ್ಲಿ ಕಾವೇರಿಯ ಮಗ್ಗುಲಿಗೇ ಮನೆ ಕಟ್ಟಿಸಿಕೊಂಡು ಕೂತಿದ್ದೇನೆ ಎಂದರೆ ಸಹೋದ್ಯೋಗಿಗಳು ನಗುತ್ತಾರೆ. ನಗಲಿ. ಸೈಟು ನೋಡಲು ಹೋದಾಗ ಅಲ್ಲಿ ಗದ್ದೆ ಇತ್ತು, ಗದ್ದೆಯಲ್ಲಿ ಕೊಕ್ಕರೆ ಇತ್ತು, ಅದರಾಚೆ ಹೊಳೆ ತೆಪ್ಪಗೆ ಹರಿಯುತ್ತಿತ್ತು. ದಲ್ಲಾಳಿ ‘ರಿವರ್ ವ್ಯೂ ಮೇಡಂ’ ಎಂದ. ಒಂದು ದಿನ ರಿವರ್ ಮನೆಯೊಳಗೇ ಬಂದು ವ್ಯೂ ಕೊಡುತ್ತದೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಊರು ಬೆಳೆದದ್ದು ನಮ್ಮ ಕಣ್ಣೆದುರಿಗೇ. ಪಟ್ಟಣ ಪಂಚಾಯ್ತಿ ಹೋಗಿ ಪುರಸಭೆಯಾಯಿತು. ಗುಡ್ಡ ಜರಿಯುವ ಭಯಕ್ಕೆ ಮಡಿಕೇರಿ ಕಡೆಯಿಂದ ಇಳಿದು ಬಂದವರು, ಎಸ್ಟೇಟ್ ಕೆಲಸದಿಂದ ನಿವೃತ್ತರಾಗಿ ಬಂದವರು, ಕೇರಳದಿಂದ ಬಂದು ಬೇಕರಿ ಇಟ್ಟವರು, ನಮ್ಮ ಹಾಗೆ ಹಾಸನದ ಕಡೆಯಿಂದ ಬಂದವರು, ಎಲ್ಲರೂ ಆ ಗದ್ದೆಬಯಲಿನಲ್ಲಿ ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟಿದೆವು. ಗದ್ದೆಯ ನೀರನ್ನು ಹೊಳೆಗೆ ಒಯ್ಯುತ್ತಿದ್ದ ತೋಡಿನ ಮೇಲೆ ಚಪ್ಪಡಿ ಹಾಸಿ ಕಾರು ನಿಲ್ಲಿಸಿಕೊಂಡೆವು. ಬೀದಿಯಲ್ಲಿ ನಿಂತರೆ ನಾಲ್ಕೈದು ಭಾಷೆ ಕಿವಿಗೆ ಬೀಳುತ್ತದೆ. ತರಕಾರಿ ಗಾಡಿ ಬಂದಾಗ ಮಾತ್ರ ಎಲ್ಲರಿಗೂ ಒಂದೇ ಸಲ ಕನ್ನಡ ಬರುತ್ತದೆ.

ನಮ್ಮಲ್ಲಿ ಮಡಿಕೇರಿಯ ಹಾಗೆ ಮಳೆ ಸುರಿಯುವುದಿಲ್ಲ. ಅದೇ ನಮ್ಮ ದೊಡ್ಡ ತೊಂದರೆ. ಮೇಲೆ ಭಾಗಮಂಡಲದಲ್ಲಿ ಸುರಿದದ್ದು ಹರಿದು ಬಂದು ನಮ್ಮನ್ನು ಮುಟ್ಟುವುದಕ್ಕೆ ಹೊತ್ತು ಹಿಡಿಯುತ್ತದೆ. ಕೆಳಗೆ ಕೂಡಿಗೆಯಲ್ಲಿ ಹಾರಂಗಿಯೂ ತುಂಬಿ ಬಂದು ಸೇರಿದರೆ ಮುಂದೆ ಹೋಗಲಾರದ ನೀರು ಹಿಂದಕ್ಕೆ ಒತ್ತುತ್ತದೆ. ಅಷ್ಟರಲ್ಲಿ ಇಲ್ಲಿ ಬಿಸಿಲು ಬಿದ್ದು, ಹೆಂಗಸರು ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿರುತ್ತಾರೆ. ಬಿಸಿಲಿನಲ್ಲಿ ಬರುವ ಪ್ರವಾಹಕ್ಕೆ ಯಾರು ಹೆದರುತ್ತಾರೆ?

ಈ ಕಥೆ ನಿಜವಾಗಿ ನಮ್ಮತ್ತೆಯದು. ಅವರು ಅರಕಲಗೂಡು ಕಡೆಯ ಹೊಳೆದಂಡೆಯ ಹಳ್ಳಿಯಲ್ಲಿ ಹುಟ್ಟಿದವರು. ಹೊಲ ಗದ್ದೆ ಮಾಡಿಕೊಂಡು ಬಾಳಿ, ವಯಸ್ಸಾದ ಮೇಲೆ ನಮ್ಮ ಜೊತೆ ಇರಲು ಇಲ್ಲಿಗೆ ಬಂದವರು. ಗಂಡುಮಕ್ಕಳು ಮಾತ್ರ, ಹೆಣ್ಣು ಹುಟ್ಟಲಿಲ್ಲ. ಆ ಕೊರತೆಯನ್ನು ಅವರು ಹೊಳೆಯ ಹತ್ತಿರ ತೀರಿಸಿಕೊಂಡಿದ್ದರು. ಕಾವೇರಿಯನ್ನು ಎಲ್ಲರೂ ತಾಯಿ ಎಂದರೆ ಅತ್ತೆಗೆ ಅವಳು ಮಗಳು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಮಗಳು ತವರಿಗೆ ಬಂದಳು ಎಂದು ಲೆಕ್ಕ. ತವರಿಗೆ ಬಂದ ಮಗಳನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ, ಬಳೆ, ಒಂದು ರವಿಕೆ ಕಣ ಇಷ್ಟನ್ನು ಮಡಿಲು ತುಂಬಿ ಕೊಟ್ಟೇ ಬೀಳ್ಕೊಡಬೇಕು. ಮಡಿಲಕ್ಕಿ ಎಂದರೆ ಅದೇ. ಹೊಳೆಗಾದರೆ ಅದನ್ನು ನೀರಿಗೆ ಬಿಡುವುದು.

ಆದರೆ ಮಡಿಲಕ್ಕಿಯನ್ನು ಮುತ್ತೈದೆಯರೇ ಕೊಡಬೇಕು, ಗಂಡ ತೀರಿಕೊಂಡವರು ಕೈ ಹಾಕಬಾರದು ಎಂದೊಂದು ರೂಢಿ. ಆ ರೂಢಿ ಕಂಡರೆ ನನಗೆ ಮೈ ಉರಿಯುತ್ತದೆ. ಅತ್ತೆಗೆ ಉರಿಯುತ್ತಿರಲಿಲ್ಲ. ಮಾವ ಹೋದ ಮೇಲೆ ಮದುವೆಮನೆಗಳಲ್ಲಿ ಅವರು ತಾವಾಗಿಯೇ ಹಿಂದಿನ ಸಾಲಿಗೆ ಸರಿದು ಕೂರುತ್ತಿದ್ದರು. ನಾನು ಕೈ ಹಿಡಿದು ಮುಂದಕ್ಕೆ ಎಳೆದರೆ ನನಗೇ ಬೈಗುಳ. ಮೊರದಲ್ಲಿ ಎಲ್ಲವನ್ನೂ ಜೋಡಿಸಿ ಕೊಡುವುದು ಅವರ ಕೆಲಸ. ದಂಡೆಗೆ ಹೋಗಿ ಹೊಳೆಗೆ ಬಿಡುವುದು ನನ್ನ ಕೆಲಸ. ನಾನು ಗೊಣಗಿಕೊಂಡೇ ಮಾಡುತ್ತಿದ್ದೆ.

ಮೊದಲ ಸಲ ನೀರು ಮನೆಗೆ ಬಂದ ದಿನ ನಾನು ಮಡಿಕೇರಿಯ ಶಾಲೆಯಲ್ಲಿದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು ನಾನು. ಮಳೆಗೆ ಮಧ್ಯಾಹ್ನವೇ ಶಾಲೆ ಬಿಟ್ಟರು. ಕುಶಾಲನಗರದಲ್ಲಿ ಇಳಿದಾಗ ಕಾಫಿ ಬೀಜ ಹಸನು ಮಾಡುವ ವರ್ಕ್ಸಿನಲ್ಲಿ ಕೆಲಸದಲ್ಲಿರಬೇಕಾಗಿದ್ದ ನನ್ನ ಗಂಡ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು. ಪ್ಯಾಂಟು ಮಂಡಿಯವರೆಗೆ ಒದ್ದೆ.

‘ಬೀದಿಗೆ ನೀರು ನುಗ್ಗಿದೆ. ಬೇಗ ಬಾ’ ಎಂದರು.

‘ಅತ್ತೆ ಎಲ್ರೀ?’

‘ಮನೇಲೇ. ಕರೆದ್ರೆ ಬರ್ತಿಲ್ಲ. ನೀನು ಬಂದು ಮಡಿಲಕ್ಕಿ ಕೊಟ್ಟ ಮೇಲೇ ಏಳೋದಂತೆ. ಅದಕ್ಕೆ ನಿನ್ನ ಕರ್ಕೊಂಡು ಹೋಗೋಣ ಅಂತ ಬಂದೆ.’

ಅಮ್ಮ ಹೇಳಿದ್ದನ್ನು ಮೀರಿ ಇವರಿಗೆ ಅಭ್ಯಾಸವಿಲ್ಲ. ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಬೈದೆ. ಬೈಯುತ್ತಲೇ ಓಡಿದೆ. ನಮ್ಮ ಬೀದಿಯ ತಿರುವಿಗೆ ಬಂದಾಗ ಬೀದಿಯೇ ಇರಲಿಲ್ಲ. ಕಿಟಕಿಯ ಮಟ್ಟಕ್ಕೆ ಕೆಂಪು ನೀರು, ನೀರಿನ ಮೇಲೆ ಯಾರದೋ ಪ್ಲಾಸ್ಟಿಕ್ ಕುರ್ಚಿ, ಗ್ಯಾಸ್ ಸಿಲಿಂಡರ್.

ಟೂರಿಸ್ಟರನ್ನು ಹೊಳೆಯ ಮೇಲೆ ಕುಣಿಸುವ ರಾಫ್ಟಿಂಗಿನವರು ಅಷ್ಟು ಹೊತ್ತಿಗೆ ತಮ್ಮ ರಬ್ಬರ್ ಬೋಟುಗಳನ್ನು ಬೀದಿಗೆ ಇಳಿಸಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ, ತಾವಾಗಿಯೇ ಬಂದಿದ್ದರು. ಒಂದರಲ್ಲಿ ನಾನೂ ಹತ್ತಿ ಕೂತೆ. ಅಡುಗೆಮನೆಯ ಕಿಟಕಿಗೆ ಬೋಟು ತಾಗಿಸಿ ಒಳಗೆ ಇಣುಕಿದರೆ ಅತ್ತೆ ಒಲೆಯ ಕಟ್ಟೆಯ ಮೇಲೆ ಕೂತಿದ್ದಾರೆ. ಸೊಂಟದವರೆಗೆ ನೀರು. ತಲೆಯ ಮೇಲೆ ಮೊರ, ಮೊರದಲ್ಲಿನ ಅಕ್ಕಿ ಒಂದಿಷ್ಟೂ ನೆನೆದಿಲ್ಲ.

‘ಬಂದ್ಯಾ? ತಗ, ಬಿರ್ನೆ ಕೊಡು. ಪಾಪ, ಎಷ್ಟೊತ್ತಿಂದ ಕಾಯ್ತಾವ್ಳೆ’ ಎಂದರು.

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಕಿಟಕಿಯಿಂದ ಮೊರ ಈಸಿಕೊಂಡು ನಮ್ಮ ಹಿತ್ತಲಿನಲ್ಲೇ ಹರಿಯುತ್ತಿದ್ದ ಕಾವೇರಿಗೆ ಅಕ್ಕಿ ಸುರಿದೆ. ಸುರಿಯುವಾಗ ಅತ್ತೆಗೂ ಬೈದೆ, ಅವರ ಮಗನಿಗೂ ಬೈದೆ, ಮಗಳಿಗೂ ಬೈದೆ. ಆಮೇಲೆ ರಾಫ್ಟಿಂಗಿನವರು ಹಿಂಬಾಗಿಲಿನಿಂದ ಒಳಗೆ ಈಜಿ ಅವರನ್ನು ಎತ್ತಿ ತಂದು ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿದರು. ‘ಈ ವಯಸ್ಸಿಗೆ ನಂಗೆ ಇಂಥ ಬಣ್ಣವಾ?’ ಎಂದು ಅತ್ತೆ ಅದನ್ನು ಬಿಚ್ಚಲು ಹೋದರು. ಆ ಜನರ ಸಹನೆಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅತ್ತೆ ಬದುಕಿದ್ದು ಅವರಿಂದ.

ನೀರು ಇಳಿಯುವ ತನಕ ನಮ್ಮನ್ನು ಇಟ್ಟುಕೊಂಡವರು ಮೇಲಿನ ಕ್ರಾಸಿನ ನಿವೃತ್ತ ಸುಬೇದಾರರು. ಬಿಟ್ಟಂಗಾಲದ ಕಡೆಯ ಕೊಡವರು. ಮಂಡಿನೋವಿಗೆ ತೋಟದ ಏರಿಳಿತ ಆಗದೆ ಹೆಂಡತಿಯ ಜೊತೆ ಇಲ್ಲಿಗೆ ಬಂದು ನೆಲೆಸಿದವರು. ಅಲ್ಲಿಯವರೆಗೆ ಅವರಿಗೂ ನನಗೂ ಇದ್ದ ಪರಿಚಯವೆಂದರೆ ಅವರ ನಾಯಿ ನಮ್ಮ ಗೇಟಿನ ಹತ್ತಿರ ಮಾಡುವ ಗಲೀಜಿನ ಬಗ್ಗೆ ನಾನು ಜಗಳ ತೆಗೆದದ್ದು. ಅದನ್ನು ಅವರು ಎತ್ತಲೇ ಇಲ್ಲ. ಬಿಸಿ ಅನ್ನ, ಒಣಗಿದ ಬಟ್ಟೆ, ಅತ್ತೆಗೆ ಒಂದು ದಪ್ಪ ರಜಾಯಿ ಕೊಟ್ಟರು. ನಾನು ಜಗಳಗಂಟಿ ಎಂದು ಬೀದಿಗೆಲ್ಲ ಗೊತ್ತು. ಆದರೂ ನನ್ನನ್ನು ಬಾಗಿಲಲ್ಲಿ ನಿಲ್ಲಿಸಲಿಲ್ಲ.

ಕೆಸರು ಎತ್ತಿ ಹಾಕಿ, ಗೋಡೆಯ ಮೇಲಿನ ನೀರಿನ ಗೆರೆಗೆ ಬಣ್ಣ ಬಳಿದು ಮುಗಿದ ಮೇಲೆ ಗಣಪತಿ ಕೂರಿಸುವ ಶೆಡ್ಡಿನಲ್ಲಿ ಸಭೆ ಸೇರಿತು. ಮುಂದಿನ ಸಲ ಏನು ಮಾಡುವುದು ಎನ್ನುವುದು ವಿಷಯ. ಭೂಗೋಳದ ಟೀಚರು ಎಂದು ನನ್ನನ್ನೇ ಮುಂದೆ ಕೂರಿಸಿದರು. ಪುರಸಭೆಯಿಂದ ಬಂದ ಎಂಜಿನಿಯರ್ ಹುಡುಗಿ ನಕ್ಷೆ ಬಿಡಿಸಿದಳು. ಅದರಲ್ಲಿ ನಮ್ಮ ಬೀದಿ ಪೂರ್ತಿ ನೀಲಿ.

ತೋಡಿನ ಮೇಲಿನ ಚಪ್ಪಡಿ ತೆಗೆಯಬೇಕು ಎಂದಾಗ ಶೆಡ್ಡಿನಲ್ಲಿ ಗಲಾಟೆಯಾಯಿತು. ಕಾರು ಎಲ್ಲಿ ನಿಲ್ಲಿಸೋದು ಎಂದು ಎಲ್ಲರೂ ಕೇಳುವವರೇ. ಮರುದಿನ ಬೆಳಿಗ್ಗೆ ಸುಬೇದಾರರೇ ಆಳು ಕರೆಸಿ ತಮ್ಮ ಮನೆಯೆದುರಿನ ಚಪ್ಪಡಿಯನ್ನು ಮೊದಲು ಒಡೆಸಿದರು. ನೀರು ಬಾರದ ಮನೆಯವರೇ ಒಡೆಸಿದ ಮೇಲೆ ನಾವು ಯಾವ ಮುಖ ಇಟ್ಟುಕೊಂಡು ಬಿಡೋಣ? ಒಂದೊಂದಾಗಿ ಎಲ್ಲ ಚಪ್ಪಡಿಗಳೂ ಎದ್ದವು.

ಕೆಳಗಿನ ಬೀದಿಯ ಒಂದೊಂದು ಮನೆಗೂ ಮೇಲಿನ ಕ್ರಾಸಿನಲ್ಲಿ ಒಂದೊಂದು ಜೋಡಿ ಮನೆ ಎಂದು ಗೊತ್ತುಮಾಡಿದೆವು. ನೀರು ಬಂದರೆ ಯಾರನ್ನೂ ಕೇಳದೆ ನೇರವಾಗಿ ಅಲ್ಲಿಗೆ ಹೋಗುವುದು. ನಮ್ಮ ಜೋಡಿ ಸುಬೇದಾರರ ಮನೆಯೇ ಆಯಿತು. ದೇವಸ್ಥಾನದ ಹತ್ತಿರದ ಹೊಳೆಯ ಮೆಟ್ಟಿಲ ಪಕ್ಕ ಒಂದು ಕಂಬ ನೆಟ್ಟು ಅದಕ್ಕೆ ಕೆಳಗೆ ಹಳದಿ, ಮೇಲೆ ಕೆಂಪು ಎಂದು ಎರಡು ಗುರುತು ಹಾಕಿಸಿದರು. ನೀರು ಕೆಂಪಿಗೆ ಬಂದರೆ ಎಲ್ಲರೂ ಮನೆ ಬಿಡಬೇಕು. ಹಳದಿಗೆ ಬಂದರೇ ವಯಸ್ಸಾದವರು, ಕಾಯಿಲೆಯವರು, ಬಾಣಂತಿಯರು ಹೊರಡಬೇಕು.

ಕೆಂಪಿನ ಮಾತನ್ನು ಎಲ್ಲರೂ ಒಪ್ಪಿದರು. ಹಳದಿಗೆ ಏಳುವವರು ಯಾರು? ಹಳದಿ ಎಂದರೆ ಜನ ಕೊಡೆ ಹಿಡಿದು, ಫೋನು ಹಿಡಿದು ಹೊಳೆ ನೋಡಲು ಹೋಗುವ ಹೊತ್ತು. ಅದಕ್ಕೇ ಅತ್ತೆಯ ಉದಾಹರಣೆ ಕೊಟ್ಟು ನಾನು ದೊಡ್ಡ ಭಾಷಣ ಬಿಗಿದೆ. ಅತ್ತೆ ಹಿಂದಿನ ಸಾಲಿನಲ್ಲೇ ಕೂತಿದ್ದರು.

‘ಹಳ್ದಿ ಕೆಂಪು ನಂಗೊತ್ತಿಲ್ಲ. ಬಾಗ್ಲಿಗೆ ಬಂದ ಮಗ್ಳಿಗೆ ಮಡ್ಲಕ್ಕಿ ಕೊಡ್ದೆ ನಾನ್ ಎದ್ದೋಗಕಿಲ್ಲ’ ಎಂದರು.

ಗಂಡಸರು ನಕ್ಕರು. ಹೆಂಗಸರು ನಗಲಿಲ್ಲ. ಬೀದಿಯ ಅರ್ಧ ಹೆಂಗಸರು ಹೌದೆಂದು ತಲೆಯಾಡಿಸಿದರು. ಒಬ್ಬರನ್ನು ಎತ್ತಿ ತರುವುದೇ ಅಷ್ಟು ಕಷ್ಟವಾಗಿತ್ತು, ಇಡೀ ಬೀದಿ ಒಲೆಯ ಕಟ್ಟೆ ಹತ್ತಿ ಕೂತರೆ?

‘ಹಾಗಾದ್ರೆ ಮುಂದಿನ ಸಲ ಅಲ್ಲೇ ಕೂತಿರಿ, ನಾನಂತೂ ಬರಲ್ಲ’ ಎಂದು ಎಲ್ಲರೆದುರಿಗೆ ಕೂಗಿದೆ. ಅತ್ತೆ ಮುಖ ತಿರುಗಿಸಿದರು. ಆಗ ಸುಬೇದಾರರ ಹೆಂಡತಿ ಎದ್ದು ಹೋಗಿ ಅತ್ತೆಯ ಪಕ್ಕ ಕೂತರು.

‘ಅಲ್ಲ ಅಜ್ಜಿ, ಬಾಗಿಲಿಗೆ ಬರುವ ತನಕ ಕಾಯುದೆಂತಕೆ? ಮಗಳು ಬರ್ತಾಳೆ ಅಂತ ಗೊತ್ತಾದ್ರೆ ನಾವು ಗೇಟಿನ ಹತ್ರ ಹೋಗಿ ಎದುರುಗೊಳ್ಳುದಿಲ್ವಾ? ಒಳಗೆ ಕೂತ್ಕೊಂಡು ನೀನೇ ಬಾ ಅಂತ ಹೇಳ್ತೇವಾ?’

ಅತ್ತೆ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು.

‘ಅದೂ ಸರಿಯೇ ಕಣವ್ವ. ಒಳ್ಗೆ ಕುಂತಿದ್ದು ನನ್ ತಪ್ಪೇಯ’ ಎಂದರು.

ಅಲ್ಲಿಗೆ ತೀರ್ಮಾನವಾಯಿತು. ನೀರು ಹಳದಿ ಗುರುತು ಮುಟ್ಟಿದ ಕೂಡಲೇ ಬೀದಿಯ ಹೆಂಗಸರೆಲ್ಲ ಮೆಟ್ಟಿಲ ಹತ್ತಿರ ಹೋಗಿ ಮಡಿಲಕ್ಕಿ ಕೊಡುವುದು. ಕೊಟ್ಟ ಮೇಲೆ ಮಗಳನ್ನು ಬೀಳ್ಕೊಟ್ಟ ಹಾಗೆ. ಆಮೇಲೆ ಮನೆಯಲ್ಲಿ ಕಾದು ಕೂರುವುದಕ್ಕೆ ಯಾರಿಗೂ ಕಾರಣವಿಲ್ಲ. ವಯಸ್ಸಾದವರು ಅಲ್ಲಿಂದಲೇ ನೇರ ಜೋಡಿ ಮನೆಗೆ. ಎಂಜಿನಿಯರ್ ಹುಡುಗಿ ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದಳು.

‘ಇದನ್ನ ಮೇಲಿನವರಿಗೆ ಹೇಗೆ ಹೇಳ್ಲಿ ಮೇಡಂ?’

‘ಪೂರ್ವಸಿದ್ಧತಾ ಕಾರ್ಯಕ್ರಮ ಅಂತ ಬರ್ಕೊಳಮ್ಮ’ ಎಂದೆ.

ಮುಂದಿನ ಮಳೆಗಾಲದಲ್ಲಿ ನೀರು ಹಳದಿ ಮುಟ್ಟಿತು. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಅತ್ತೆ ಜೋಡಿಸಿಕೊಟ್ಟ ಮೊರ ಹಿಡಿದು ನಾನು ಮುಂದೆ, ಬೀದಿಯ ಹೆಂಗಸರು ಹಿಂದೆ. ಎಲ್ಲ ಮನೆಯ ಪರವಾಗಿ ನಾನೇ ನೀರಿಗೆ ಬಿಟ್ಟೆ. ಅಜ್ಜಿ ತಾತಂದಿರು ಮೇಲಿನ ಕ್ರಾಸಿಗೆ ಹೋದರು. ಆ ಸಲ ನೀರು ಕೆಂಪಿಗೆ ಬರದೆ ಇಳಿಯಿತು. ಸುಮ್ಮನೆ ಎಬ್ಬಿಸಿದರು ಎಂದು ಒಬ್ಬರಾದರೂ ಗೊಣಗುತ್ತಾರೆ ಎಂದುಕೊಂಡಿದ್ದೆ. ಜೋಡಿ ಮನೆಗಳಲ್ಲಿ ಪಾಯಸ ತಿಂದು ಬಂದವರು ಗೊಣಗುವುದು ಹೇಗೆ? ಸುಬೇದಾರರ ಹೆಂಡತಿ ಅತ್ತೆಗೆ ಅಕ್ಕಿ ತರಿಯ ಕಡುಬು, ಕಡಂಬಿಟ್ಟು ಮಾಡಿ ಬಡಿಸಿದ್ದರು. ಅತ್ತೆ ಅದರ ಉಂಡೆ ತಮ್ಮ ಮುದ್ದೆಗಿಂತ ಚಿಕ್ಕದು ಎಂದು ತಕರಾರು ತೆಗೆದರಂತೆ, ತೆಗೆಯುತ್ತಲೇ ಇನ್ನೂ ಬಡಿಸಿಕೊಂಡರಂತೆ. ಯೋಜನೆ ಎಂದರೆ ಹೀಗಿರಬೇಕು ಎಂದು ನಾನು ಶಾಲೆಯಲ್ಲಿ ಮಕ್ಕಳಿಗೆ ಜಂಬದಿಂದ ಪಾಠ ಮಾಡಿದೆ.

ಮತ್ತೆರಡು ಮಳೆಗಾಲ ಹೀಗೇ ಸಾಗಿತು, ಅದರ ಮುಂದಿನ ಮಳೆಗಾಲದಲ್ಲಿ ಜಂಬ ಇಳಿಯಿತು. ಅವತ್ತು ಬೆಳಿಗ್ಗೆ ಹೊಳೆ ಸಾಕಷ್ಟು ಕೆಳಗಿತ್ತು. ನಾನು ಶಾಲೆಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಭಾಗಮಂಡಲದಲ್ಲಿ ಸಂಗಮ ಮುಳುಗಿದೆ, ನೀರು ಜೋರಾಗಿ ಇಳಿಯುತ್ತಿದೆ ಎಂದು ಸುದ್ದಿ ಬಂತು. ಸಿಕ್ಕ ಬಸ್ಸು ಹತ್ತಿದೆ. ಸುಂಟಿಕೊಪ್ಪ ಇನ್ನೂ ದೂರವಿರುವಾಗಲೇ ಬಸ್ಸು ನಿಂತಿತು. ಮುಂದೆ ರಸ್ತೆ ಪಕ್ಕದ ಗುಡ್ಡದ ಬರೆ ಜರಿದು, ಮರದ ಸಮೇತ ಮಣ್ಣು ರಸ್ತೆಗೆ ಬಿದ್ದಿತ್ತು. ಫೋನಿನಲ್ಲಿ ಟವರ್ ಇಲ್ಲ.

ಬಸ್ಸಿನಲ್ಲಿ ಕೂತಾಗಲೇ ನನಗೆ ನಾವು ಮಾಡಿದ ಯೋಜನೆಯ ತೂತು ಕಂಡದ್ದು. ಪ್ರತಿ ಸಲ ನಾನೇ ಕೊಟ್ಟು ಕೊಟ್ಟು, ಬೀದಿಯಲ್ಲಿ ಅದೇ ಪದ್ಧತಿಯಾಗಿ ಬಿಟ್ಟಿತ್ತು. ‘ಟೀಚರು ಬಂದು ಕೊಡಲಿ, ಆಮೇಲೆ ಹೊರಡೋಣ’ ಎಂದು ಎಲ್ಲರೂ ಹೇಳುತ್ತಿದ್ದರು. ನೀರು ಹಳದಿ ಮುಟ್ಟಿರುತ್ತದೆ, ಮೊರ ತಯಾರಾಗಿರುತ್ತದೆ, ಕೊಡಬೇಕಾದವಳು ಇಲ್ಲಿ ಬಸ್ಸಿನ ಕಿಟಕಿ ಒರೆಸುತ್ತ ಕೂತಿದ್ದಾಳೆ. ಹಿಂದೆ ನನಗಾಗಿ ಕಾದದ್ದು ಅತ್ತೆಯೊಬ್ಬರೇ. ಈಗ ಇಡೀ ಬೀದಿ ಕಾಯುತ್ತದೆ.

ಬಸ್ಸಿನಿಂದ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಆ ಮಣ್ಣಿನ ಗುಡ್ಡೆ ಹತ್ತಿದೆ. ಮರ ಕಡಿಯುತ್ತಿದ್ದ ಯಾರೋ ಒಬ್ಬರು ನನ್ನ ಮೇಲೆ ರೇಗುತ್ತಲೇ ಕೈ ಹಿಡಿದು ಆಚೆ ದಾಟಿಸಿದರು. ಆಚೆ ಕಡೆ ತಿರುಗಿಸಿಕೊಂಡು ವಾಪಸು ಹೊರಟಿದ್ದ ಹಾಲಿನ ವ್ಯಾನಿನವರು, ಕೆಸರು ಮೆತ್ತಿಕೊಂಡ ನನ್ನನ್ನು ನೋಡಿ ಏನೂ ಕೇಳದೆ ಮುಂದಿನ ಸೀಟು ಕೊಟ್ಟರು. ಅವರ ಮುಖ ಕೂಡ ನನಗೆ ಸರಿಯಾಗಿ ನೆನಪಿಲ್ಲ. ದಾರಿಯುದ್ದಕ್ಕೂ ನಾನು ಕಾವೇರಮ್ಮನಿಗೆ ಹೇಳಿಕೊಂಡದ್ದು ಒಂದೇ ಮಾತು: ಸ್ವಲ್ಪ ತಡಿ, ಬರ್ತಿದ್ದೀನಿ.

ಊರು ತಲುಪಿದಾಗ ಸಂಜೆ. ದೇವಸ್ಥಾನದ ಮೆಟ್ಟಿಲ ಹತ್ತಿರ ಹಳದಿ ಇರಲಿಲ್ಲ, ಕೆಂಪೂ ಇರಲಿಲ್ಲ, ಕಂಬದ ತುದಿ ಮಾತ್ರ ಕಾಣುತ್ತಿತ್ತು. ನಮ್ಮ ಬೀದಿಯಲ್ಲಿ ಕಾಂಪೌಂಡ್ ಗೋಡೆಗಳು ಮುಳುಗಿದ್ದವು. ಯಾವ ಕಿಟಕಿಯಲ್ಲೂ ಮುಖವಿಲ್ಲ. ‘ಅತ್ತೇ’ ಎಂದು ಕೂಗಿದೆ. ನೀರಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಮೇಲಿನ ಕ್ರಾಸಿಗೆ ಓಡಿದೆ.

ಸುಬೇದಾರರ ಮನೆಯ ಜಗಲಿಯಲ್ಲಿ ಚಪ್ಪಲಿಗಳ ರಾಶಿ. ಒಳಗಿನಿಂದ ಜನರ ಗದ್ದಲ, ಕಾಫಿಯ ವಾಸನೆ. ನನ್ನ ಗಂಡ ಲೋಟಗಳ ತಟ್ಟೆ ಹಿಡಿದು ಓಡಾಡುತ್ತಿದ್ದರು. ಹಜಾರದ ನಡುವೆ ಅತ್ತೆ ಕಾಲು ಚಾಚಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಬಾಗಿಲಲ್ಲೇ ಕುಸಿದು ಕೂತೆ.

‘ನಿಮ್ಮನ್ನೇ ಕಾಯ್ತಾ ನಿಂತಿದ್ರು ಟೀಚರೇ, ಎಲ್ಲ ಹೆಂಗಸ್ರೂ’ ಎಂದರು ಸುಬೇದಾರರ ಹೆಂಡತಿ. ‘ನೀರು ಹಳದಿ ದಾಟಿ ಏರ್ತಾ ಉಂಟು. ನೀವು ಕೊಡಿ, ನೀವು ಕೊಡಿ ಅಂತ ಒಬ್ಬರ ಮುಖ ಒಬ್ಬರು ನೋಡುದು. ಯಾರೂ ಮುಂದೆ ಬರುದಿಲ್ಲ, ಬಿಟ್ಟು ಹೊರಡುದೂ ಇಲ್ಲ. ನಮ್ಮ ಯಜಮಾನರು ಮಿಲಿಟರಿ ದನಿಯಲ್ಲಿ ಕಿರುಚಿದ್ರೂ ಯಾರೂ ಅಲ್ಲಾಡ್ಲಿಲ್ಲ. ಆಗ ಅಜ್ಜಿ ನಿಮ್ಮ ಯಜಮಾನರ ಕೈಯಿಂದ ಮೊರ ತಕೊಂಡ್ರು ನೋಡಿ. ಸೀದ ಮೆಟ್ಟಿಲು ಇಳಿದ್ರು, ಕೊಟ್ಟೇ ಬಿಟ್ರು. ಆಯ್ತು ನಡೀರಿ ಅಂದ್ರು. ಎಲ್ಲ ಅಜ್ಜಿಯ ಹಿಂದೆ ಬಂದ್ರು.’

ಅತ್ತೆಯ ಕೈ ನೋಡಿದೆ. ಬೆಳ್ಳುಳ್ಳಿ ಸುಲಿಯುವ ಆ ಬಳೆಯಿಲ್ಲದ ಕೈ. ಮಾವ ಹೋದ ದಿನದಿಂದ ಒಂದು ಮದುವೆಯಲ್ಲೂ ಅಕ್ಷತೆ ಹಾಕಲು ಮುಂದೆ ಬರದಿದ್ದ ಕೈ. ಪಕ್ಕಕ್ಕೆ ಹೋಗಿ ಕೂತು ಮೆಲ್ಲಗೆ ಕೇಳಿದೆ.

‘ಅತ್ತೆ, ನೀವೇ ಕೊಟ್ರಾ?’

‘ಹೂಂ ಕಣವ್ವ. ನಿನ್ ಕಾಯ್ಕಂಡ್ ಕುಂತಿದ್ರೆ ಇಷ್ಟು ಜನ ಕೊಚ್ಕಂಡೋಗೋರು’ ಎಂದರು. ಇನ್ನೊಂದು ಎಸಳು ಸುಲಿದು ತಟ್ಟೆಗೆ ಹಾಕಿದರು. ‘ಸತ್ತಿದ್ದು ನನ್ ಗಂಡ. ಆ ಮಗಿನ ತಾಯಿ ಇನ್ನೂ ಬದ್ಕೇ ಅವ್ಳಲ್ಲ.’

ನಾನು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಕೆಳಗೆ ನಮ್ಮ ಮನೆ ಮತ್ತೆ ನೀರಿನಲ್ಲಿತ್ತು. ನಮ್ಮ ಬೀದಿಯ ಎಲ್ಲರೂ ಮೇಲಿದ್ದರು.